ಕಾಯ್ದೆ ಬಿಗಿ, ಪರವಾನಗಿ ಸಡಿಲ: ಥಾಣೆ-ಕಲ್ಯಾಣದ ಗುಂಡಿನ ಸದ್ದಿಗೆ ವಿದ್ಯಾರ್ಥಿಗಳೇಕೆ ಬೀದಿಗಿಳಿಯಲಿಲ್ಲ?

ಪೊಲೀಸ್ ಠಾಣೆಯೊಳಗೇ ಶಾಸಕರು ಗುಂಡು ಹಾರಿಸಿದರು. ಗುಂಡೇಟಿನ ದೊಡ್ಡ ಪ್ರಕರಣಗಳಲ್ಲಿ ಡೊಂಬಿವಲಿ, ಅಂಬರ್‌ನಾಥ್, ಪನ್ವೇಲ್ ಹೆಸರು ಮತ್ತೆ ಮತ್ತೆ ಕೇಳಿಬಂತು. ಆದರೂ ಬಂದೂಕನ್ನೇ ಪ್ರಶ್ನಿಸುವ ಚಳವಳಿ ಇಲ್ಲಿ ಹುಟ್ಟಲಿಲ್ಲ. ಅಮೆರಿಕ, ಸರ್ಬಿಯಾಗಳಲ್ಲಿ ಆದದ್ದು ಇಲ್ಲಿ ಆಗದಿರಲು ಕಾರಣವೇನು?

2024ರ ಫೆಬ್ರವರಿ 2, ಶುಕ್ರವಾರ ರಾತ್ರಿ. ಥಾಣೆ ಜಿಲ್ಲೆಯ ಉಲ್ಹಾಸನಗರದ ಹಿಲ್ ಲೈನ್ ಪೊಲೀಸ್ ಠಾಣೆ. ದ್ವಾರ್ಲಿ ಗ್ರಾಮದ ಜಮೀನಿನ ಜಗಳಕ್ಕೆ ಸಂಬಂಧಿಸಿ ಎರಡು ಬಣಗಳು ಹಿರಿಯ ಇನ್‌ಸ್ಪೆಕ್ಟರ್ ಕೊಠಡಿಯಲ್ಲಿ ಕುಳಿತಿದ್ದವು. ಮಾತಿಗೆ ಮಾತು ಬೆಳೆಯಿತು. ಕಲ್ಯಾಣ್ ಪೂರ್ವ ಕ್ಷೇತ್ರದ ಆಗಿನ ಬಿಜೆಪಿ ಶಾಸಕ ಗಣಪತ್ ಗಾಯಕ್ವಾಡ್ ಬಂದೂಕು ತೆಗೆದು, ಆಗಿನ ಮುಖ್ಯಮಂತ್ರಿ ಏಕನಾಥ್ ಶಿಂದೆ ಬಣದ ಶಿವಸೇನೆ ಮುಖಂಡ ಮಹೇಶ್ ಗಾಯಕ್ವಾಡ್ ಮೇಲೆ ಗುಂಡು ಹಾರಿಸಿದರು. ಮಹೇಶ್ ಮತ್ತು ಅವರ ಸಹಚರ ಇಬ್ಬರೂ ಗಂಭೀರವಾಗಿ ಗಾಯಗೊಂಡರು. ಕೊಠಡಿಯ ಸಿಸಿಟಿವಿ ದೃಶ್ಯ ಮರುದಿನವೇ ದೇಶದ ಮೊಬೈಲ್‌ಗಳಲ್ಲೆಲ್ಲ ಹರಿದಾಡಿತು. ಮಗನ ಮೇಲೆ ಹಲ್ಲೆ ನಡೆಯುತ್ತಿತ್ತು, ಅದಕ್ಕೇ ಗುಂಡು ಹಾರಿಸಿದೆ ಎಂದು ಶಾಸಕರೇ ಸುದ್ದಿ ವಾಹಿನಿಗೆ ಫೋನ್‌ನಲ್ಲಿ ಹೇಳಿದರು.

ಬಂದೂಕು ಪರವಾನಗಿ ಪಡೆದದ್ದೇ ಆಗಿತ್ತು ಎಂದು ಆಗಿನ ವರದಿಗಳು ತಿಳಿಸಿದವು. ಕಾಡಿನಲ್ಲಿ ತಯಾರಾದ ನಾಡ ಪಿಸ್ತೂಲು ಅದಲ್ಲ, ಕಳ್ಳದಾರಿಯಲ್ಲಿ ಬಂದ ಮಾಲೂ ಅಲ್ಲ. ಸರ್ಕಾರದ ಮೊಹರು ಬಿದ್ದ ಅಸ್ತ್ರ ಸರ್ಕಾರದ್ದೇ ಠಾಣೆಯಲ್ಲಿ, ಪೊಲೀಸ್ ಅಧಿಕಾರಿಯ ಮೇಜಿನ ಮುಂದೆ ಸಿಡಿಯಿತು.

ಆಗ ಗೃಹ ಖಾತೆ ಹೊಂದಿದ್ದ ದೇವೇಂದ್ರ ಫಡ್ನವೀಸ್ ಉನ್ನತ ಮಟ್ಟದ ತನಿಖೆಗೆ ಆದೇಶಿಸಿದರು. ವಿರೋಧ ಪಕ್ಷಗಳು ರಾಜೀನಾಮೆ ಕೇಳಿದವು. ಎರಡೂ ಬಣಗಳ ಬೆಂಬಲಿಗರು ಘೋಷಣೆ ಕೂಗಿದರು. ಮೈತ್ರಿಕೂಟ ಉಳಿಯುತ್ತದೆಯೇ, ಕಲ್ಯಾಣ್ ಲೋಕಸಭಾ ಟಿಕೆಟ್ ಯಾರಿಗೆ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಆ ಬಂದೂಕಿಗೆ ಪರವಾನಗಿ ಯಾವ ಕಾರಣಕ್ಕೆ ಕೊಡಲಾಗಿತ್ತು, ಈ ಪಟ್ಟಣಗಳಲ್ಲಿ ಅಂಥ ಪರವಾನಗಿ ಇನ್ನೆಷ್ಟು ಜನರ ಬಳಿ ಇದೆ ಎಂಬ ಪ್ರಶ್ನೆ ಮಾತ್ರ ಬೀದಿಗೆ ಬರಲೇ ಇಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ ವಿಧಾನಸಭಾ ಚುನಾವಣೆ ನಡೆಯಿತು. ಬಿಜೆಪಿ ಗಣಪತ್ ಅವರ ಪತ್ನಿ ಸುಲಭಾ ಗಾಯಕ್ವಾಡ್ ಅವರಿಗೆ ಟಿಕೆಟ್ ಕೊಟ್ಟಿತು. ಗುಂಡೇಟಿನಿಂದ ಬದುಕುಳಿದ ಮಹೇಶ್ ಪಕ್ಷೇತರರಾಗಿ ಎದುರು ನಿಂತರು. ಗೆದ್ದವರು ಸುಲಭಾ. ಠಾಣೆಯ ಜಗಳ ಮತಪೆಟ್ಟಿಗೆಯವರೆಗೆ ಬಂತು, ಬಂದೂಕಿನ ಪ್ರಶ್ನೆ ಅಲ್ಲಿಗೂ ಬರಲಿಲ್ಲ.

ಒಂದೇ ವರ್ಷ, ಒಂದೇ ರೈಲು ಮಾರ್ಗದ ಊರುಗಳು

ಹಿಲ್ ಲೈನ್ ಘಟನೆ ನಡೆದು ವಾರ ಕಳೆಯುವ ಮೊದಲೇ, ಫೆಬ್ರವರಿ 8ರಂದು, ಮುಂಬೈನ ದಹಿಸರ್ ಭಾಗದಲ್ಲಿ ಉದ್ಧವ್ ಠಾಕ್ರೆ ಬಣದ ಮಾಜಿ ಕಾರ್ಪೊರೇಟರ್ ಅಭಿಷೇಕ್ ಘೋಸಾಳ್ಕರ್ ಅವರನ್ನು ಫೇಸ್‌ಬುಕ್ ನೇರಪ್ರಸಾರದ ನಡುವೆಯೇ ಗುಂಡಿಕ್ಕಿ ಕೊಲ್ಲಲಾಯಿತು. ಕೊಂದ ಮಾರಿಸ್ ನೊರೊನ್ಹಾ ಬಳಿಕ ತಾನೂ ಗುಂಡು ಹಾರಿಸಿಕೊಂಡ. ಬಳಸಿದ ಪಿಸ್ತೂಲಿನ ಪರವಾನಗಿ ಇದ್ದದ್ದು ಆತನ ಅಂಗರಕ್ಷಕನ ಹೆಸರಿನಲ್ಲಿ. ಪರವಾನಗಿ ಒಬ್ಬರದು, ಕುದುರೆ ಒತ್ತಿದ ಬೆರಳು ಇನ್ನೊಬ್ಬರದು.

ಏಪ್ರಿಲ್ 14ರ ಮುಂಜಾನೆ ಬಾಂದ್ರಾದಲ್ಲಿ ನಟ ಸಲ್ಮಾನ್ ಖಾನ್ ಮನೆಯ ಮುಂದೆ ಗುಂಡು ಹಾರಿತು. ದಾಳಿಕೋರರು ಅದಕ್ಕೂ ಮೊದಲು ಪನ್ವೇಲ್‌ನಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಬಂದೂಕುಗಳನ್ನು ಸೂರತ್‌ನ ತಾಪಿ ನದಿಗೆ ಎಸೆದಿದ್ದರು. ಪೊಲೀಸರು ನೀರಿಗಿಳಿಸಿ ಹುಡುಕಿಸಿ ಅವುಗಳನ್ನು ಹೊರತೆಗೆಯಬೇಕಾಯಿತು. ಪನ್ವೇಲ್‌ನ ತೋಟದ ಮನೆಯಲ್ಲಿ ನಟನ ಮೇಲೆ ದಾಳಿಗೆ ಸಂಚು ನಡೆದಿತ್ತು ಎಂದು ನವಿ ಮುಂಬೈ ಪೊಲೀಸರು ಪ್ರತ್ಯೇಕ ಪ್ರಕರಣವನ್ನೂ ದಾಖಲಿಸಿದರು.

ಅಕ್ಟೋಬರ್ 12ರಂದು ಮಾಜಿ ಸಚಿವ ಬಾಬಾ ಸಿದ್ದಿಕಿ ಹತ್ಯೆಯಾಯಿತು. ಒಂದೇ ವಾರದಲ್ಲಿ ಮುಂಬೈ ಅಪರಾಧ ವಿಭಾಗದ ಪೊಲೀಸರು ಡೊಂಬಿವಲಿ, ಅಂಬರ್‌ನಾಥ್ ಮತ್ತು ಪನ್ವೇಲ್‌ಗಳಿಂದ ಐವರನ್ನು ಬಂಧಿಸಿದರು. ದಾಳಿಕೋರರಿಗೆ ಬಂದೂಕು ಮತ್ತು ಇತರ ನೆರವು ಒದಗಿಸಿದ ಆರೋಪ ಅವರ ಮೇಲಿದೆ. ಗುಂಡು ಹಾರಿಸಿದ ಆರೋಪ ಹೊತ್ತವರಲ್ಲಿ ಒಬ್ಬ ತಾನಿನ್ನೂ ಅಪ್ರಾಪ್ತ ಎಂದು ನ್ಯಾಯಾಲಯದಲ್ಲಿ ಹೇಳಿಕೊಂಡ. ಮೂಳೆ ಪರೀಕ್ಷೆಯಲ್ಲಿ ಅದು ಸುಳ್ಳೆಂದು ಗೊತ್ತಾಯಿತು. ಆದರೂ ಆತನ ವಯಸ್ಸು ಪದವಿ ತರಗತಿಯಲ್ಲಿ ಕೂರುವ ಹುಡುಗನದೇ.

ಇದನ್ನು ವಿದ್ಯಾರ್ಥಿಗಳ ಪ್ರಶ್ನೆಯನ್ನಾಗಿ ಮಾಡುವುದು ಇದೇ ಸಂಗತಿ. ಸೆಂಟ್ರಲ್ ರೈಲ್ವೆಯ ಲೋಕಲ್‌ನಲ್ಲಿ ದಿನವೂ ಥಾಣೆ, ಡೊಂಬಿವಲಿ, ಕಲ್ಯಾಣ್‌ಗಳ ಕಾಲೇಜುಗಳಿಗೆ ಹೋಗಿಬರುವ ಹುಡುಗರೂ, ಸಾವಿರಾರು ರೂಪಾಯಿಯ ಆಸೆಗೆ ಗ್ಯಾಂಗ್‌ಗಳಿಗೆ ಸಿಕ್ಕಿಬೀಳುವ ಹುಡುಗರೂ ಒಂದೇ ವಯಸ್ಸಿನವರು. ಎಷ್ಟೋ ಸಲ ಒಂದೇ ಬಡಾವಣೆಯವರು.

ಕಾಯ್ದೆ ಸಡಿಲವಿಲ್ಲ

ಅಮೆರಿಕದಲ್ಲಿ ಬಂದೂಕು ಹೊಂದುವುದು ಸಂವಿಧಾನದ ಎರಡನೇ ತಿದ್ದುಪಡಿ ಕೊಟ್ಟ ಹಕ್ಕು. ಭಾರತದಲ್ಲಿ ಅಂಥ ಹಕ್ಕಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪರವಾನಗಿ ಎಂಬುದು ಸರ್ಕಾರ ಕಾರಣ ನೋಡಿ ಕೊಡುವ ಅನುಮತಿ ಮಾತ್ರ. 2023ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಪ್ರಕರಣವೊಂದರ ವಿಚಾರಣೆ ವೇಳೆ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇದೇ ವ್ಯತ್ಯಾಸವನ್ನು ಎತ್ತಿ ಹೇಳಿ, ಪರವಾನಗಿ ಇಲ್ಲದ ಬಂದೂಕುಗಳ ಹಾವಳಿಯನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಅದೇ ವಿಚಾರಣೆಯ ಮುಂದುವರಿಕೆಯಾಗಿ 2024ರ ನವೆಂಬರ್‌ನಲ್ಲಿ, ಕಾಯ್ದೆಯ ಜಾರಿಗೆ ಕ್ರಿಯಾ ಯೋಜನೆ ರೂಪಿಸಲು ಪ್ರತಿ ರಾಜ್ಯದಲ್ಲೂ ಮುಖ್ಯ ಕಾರ್ಯದರ್ಶಿಯನ್ನು ಒಳಗೊಂಡ ಸಮಿತಿ ರಚಿಸಬೇಕೆಂದು ಕೋರ್ಟ್ ಸೂಚಿಸಿತು.

2019ರ ತಿದ್ದುಪಡಿ ಕಾಯ್ದೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಬೇಕಾಬಿಟ್ಟಿ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪೊಲೀಸರಿಂದ ಬಂದೂಕು ಕಸಿದರೆ ಕನಿಷ್ಠ 10 ವರ್ಷ. ಅಕ್ರಮ ತಯಾರಿಕೆ, ಮಾರಾಟಕ್ಕೆ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ. ಇದೇ ತಿದ್ದುಪಡಿ ಒಂದು ಕಡೆ ಮಾತ್ರ ಹಗ್ಗ ಸಡಿಲಿಸಿತು. ಪರವಾನಗಿಯ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿತು. ಅಂದರೆ ಬಂದೂಕು ಹೊಂದಿದವನ ನಡತೆಯನ್ನು ಕಡತದಲ್ಲಿ ಮತ್ತೆ ತೆರೆದು ನೋಡುವ ಸಂದರ್ಭ ಮೊದಲಿಗಿಂತ ತಡವಾಗಿ ಬರುತ್ತದೆ.

ಹೀಗಾಗಿ ಕಾನೂನು ಬಿಗಿ ಮಾಡಿ ಎಂಬ ಅಮೆರಿಕದ ಘೋಷಣೆಯನ್ನು ಕಲ್ಯಾಣ್ ನಿಲ್ದಾಣದ ಮುಂದೆ ಹಾಗೆಯೇ ಕೂಗಿದರೆ ಅರ್ಥ ಬರುವುದಿಲ್ಲ. ಇಲ್ಲಿ ತೊಡಕಿರುವುದು ಪರವಾನಗಿ ಕೊಡುವ ಕೊಠಡಿಯಲ್ಲಿ ಮತ್ತು ಪರವಾನಗಿಯೇ ಇಲ್ಲದ ಬಂದೂಕು ಬರುವ ದಾರಿಯಲ್ಲಿ.

ಯಾರಿಗೆ ಸಿಗುತ್ತದೆ ಪರವಾನಗಿ?

ಪೊಲೀಸ್ ಕಮಿಷನರೇಟ್ ಇರುವ ಊರುಗಳಲ್ಲಿ ಪರವಾನಗಿ ಕೊಡುವವರು ಪೊಲೀಸ್ ಆಯುಕ್ತರು. ಥಾಣೆ, ಭಿವಂಡಿ, ಕಲ್ಯಾಣ್, ಡೊಂಬಿವಲಿ, ಉಲ್ಹಾಸನಗರ ಥಾಣೆ ಆಯುಕ್ತರ ವ್ಯಾಪ್ತಿಗೆ ಬರುತ್ತವೆ. ವಾಶಿಯಿಂದ ಪನ್ವೇಲ್‌ವರೆಗಿನ ಭಾಗ ನವಿ ಮುಂಬೈ ಆಯುಕ್ತರದು. ಅರ್ಜಿ ಬಂದ ಮೇಲೆ ಸ್ಥಳೀಯ ಠಾಣೆಯಿಂದ ವರದಿ ತರಿಸಿಕೊಳ್ಳಬೇಕು. ಜೀವಕ್ಕೆ ಅಪಾಯವಿದೆ ಎಂಬುದಕ್ಕೆ ಆಧಾರ ಬೇಕು. ಸಾರ್ವಜನಿಕ ಶಾಂತಿಗೆ ಧಕ್ಕೆ ಎನಿಸಿದರೆ ಪರವಾನಗಿಯನ್ನು ನಿರಾಕರಿಸಬಹುದು, ಕೊಟ್ಟದ್ದನ್ನು ಅಮಾನತಿನಲ್ಲಿಡಬಹುದು, ರದ್ದೂ ಮಾಡಬಹುದು. ಅಧಿಕಾರಕ್ಕೆ ಕೊರತೆ ಇಲ್ಲ.

ಕೊರತೆ ಇರುವುದು ಬಳಕೆಯಲ್ಲಿ. ಬೀಡ್ ಜಿಲ್ಲೆ ಇದಕ್ಕೆ ಉದಾಹರಣೆ. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಸರಪಂಚ ಸಂತೋಷ್ ದೇಶಮುಖ್ ಕೊಲೆಯಾಯಿತು. ಆ ಕೊಲೆಯ ಬೆನ್ನಲ್ಲೇ ಜಿಲ್ಲೆಯೊಂದರಲ್ಲೇ ಸಾವಿರಕ್ಕೂ ಹೆಚ್ಚು ಬಂದೂಕು ಪರವಾನಗಿಗಳಿವೆ ಎಂಬ ಲೆಕ್ಕವನ್ನು ಸಾಮಾಜಿಕ ಕಾರ್ಯಕರ್ತೆ ಅಂಜಲಿ ದಮಾನಿಯಾ ಜನರ ಮುಂದಿಟ್ಟರು. ಕೆಲವೇ ವಾರಗಳಲ್ಲಿ ಜಿಲ್ಲಾಡಳಿತ ಕಡತ ತೆರೆದು ನೂರಕ್ಕೂ ಹೆಚ್ಚು ಪರವಾನಗಿಗಳನ್ನು ರದ್ದು ಮಾಡಿತು. ಕಾಯ್ದೆಯ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಒಂದೇ: ಸಂಖ್ಯೆ ಬಹಿರಂಗವಾಗಿತ್ತು.

2025ರ ಅಕ್ಟೋಬರ್‌ನಲ್ಲಿ ಪುಣೆಯಿಂದ ಇನ್ನೊಂದು ವಿವಾದ ಎದ್ದಿತು. ಗ್ಯಾಂಗ್ ನಡೆಸುವ ಆರೋಪ ಹೊತ್ತ ನಿಲೇಶ್ ಘಾಯವಳ್ ಸಹೋದರನಿಗೆ ಬಂದೂಕು ಪರವಾನಗಿ ನೀಡಲು ಪೊಲೀಸರು ನಿರಾಕರಿಸಿದ್ದರು. ಮೇಲ್ಮನವಿಯಲ್ಲಿ ಗೃಹ ಖಾತೆ ರಾಜ್ಯ ಸಚಿವ ಯೋಗೇಶ್ ಕದಂ ಅದನ್ನು ಮಂಜೂರು ಮಾಡಿದ್ದರು ಎಂಬುದು ಹೊರಬಂತು. ಎಲ್ಲವೂ ಕಾನೂನಿನಂತೆಯೇ ನಡೆದಿದೆ ಎಂದು ಸಚಿವರು ಸಮರ್ಥಿಸಿಕೊಂಡರು. ಸರಿ-ತಪ್ಪು ಏನೇ ಇರಲಿ, ಪೊಲೀಸರು ಬೇಡವೆಂದದ್ದಕ್ಕೂ ಮಂತ್ರಿ ಕಚೇರಿಯಲ್ಲಿ ಇನ್ನೊಂದು ಬಾಗಿಲಿದೆ ಎಂಬುದು ಜನರಿಗೆ ಗೊತ್ತಾದದ್ದು ಆಗಲೇ.

ಕೇಂದ್ರ ಗೃಹ ಸಚಿವಾಲಯದ ಲೆಕ್ಕದಂತೆ 2016ರ ಕೊನೆಗೆ ದೇಶದಲ್ಲಿ ಸುಮಾರು 33.69 ಲಕ್ಷ ಪರವಾನಗಿಗಳು ಚಾಲ್ತಿಯಲ್ಲಿದ್ದವು. ಉತ್ತರ ಪ್ರದೇಶವೊಂದರಲ್ಲೇ 12.77 ಲಕ್ಷ. ಮಹಾರಾಷ್ಟ್ರದಲ್ಲಿ ಸುಮಾರು 84 ಸಾವಿರ. ಕರ್ನಾಟಕದಲ್ಲಿ ಅದಕ್ಕಿಂತ ಹೆಚ್ಚು, ಸುಮಾರು 1.13 ಲಕ್ಷ. ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ರಕ್ತಪಾತ ಹೆಚ್ಚು ಎನ್ನಲಾಗದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. ಕೋವಿ ಅಲ್ಲಿ ಮನೆತನದ ಗುರುತು, ಕೈಲ್‌ಪೊಳ್ದ್ ದಿನ ಅದಕ್ಕೆ ಪೂಜೆ. ಆ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಆದರೆ ತಲೆಮಾರುಗಳಿಂದ ಗದ್ದೆ-ತೋಟದ ಮನೆಯಲ್ಲಿ ಬಂದ ಕೋವಿ ಬೇರೆ. ಜಮೀನಿನ ಬೆಲೆ ಗಗನಕ್ಕೇರಿದ ಕಲ್ಯಾಣ್-ಅಂಬರ್‌ನಾಥ್ ಭಾಗದಲ್ಲಿ ಬಿಲ್ಡರ್, ಪುಢಾರಿ, ದಲ್ಲಾಳಿಗಳ ಸೊಂಟದಲ್ಲಿ ಪ್ರತಿಷ್ಠೆಗಾಗಿ ಕೂರುವ ಪಿಸ್ತೂಲು ಬೇರೆ.

ಇನ್ನು ಪರವಾನಗಿ ಇಲ್ಲದ ಬಂದೂಕುಗಳು. ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆಯ 2018ರ ಅಂದಾಜಿನಂತೆ ಭಾರತದ ನಾಗರಿಕರ ಬಳಿ ಇರುವ ಬಂದೂಕುಗಳು ಸುಮಾರು 7.11 ಕೋಟಿ. ಅದರಲ್ಲಿ ನೋಂದಣಿಯಾದವು ಕೇವಲ 97 ಲಕ್ಷ. ಮಧ್ಯಪ್ರದೇಶದ ಖರ್ಗೋನ್, ಬಡ್ವಾನಿ, ಧಾರ್, ಬುರ್ಹಾನ್‌ಪುರ ಜಿಲ್ಲೆಗಳ ನಾಡ ಪಿಸ್ತೂಲುಗಳು, ಬಿಹಾರದ ಮುಂಗೇರ್‌ನ ಮಾಲು ಮಹಾರಾಷ್ಟ್ರದ ಪೊಲೀಸರಿಗೆ ಹಳೆಯ ಪರಿಚಯ. ಬಸ್ ನಿಲ್ದಾಣ, ಹೆದ್ದಾರಿ ಢಾಬಾಗಳಲ್ಲಿ ಒಬ್ಬಿಬ್ಬರು ಸಿಕ್ಕಿಬೀಳುತ್ತಾರೆ, ಪತ್ರಿಕಾ ಪ್ರಕಟಣೆ ಹೊರಬೀಳುತ್ತದೆ. ಮಾರಿದವನಾರು, ಕೊಳ್ಳಲು ಹೊರಟವನಾರು ಎಂಬ ಎರಡು ತುದಿಗಳಿಗೆ ತನಿಖೆ ತಲುಪುವುದು ಅಪರೂಪ.

ವಿದ್ಯಾರ್ಥಿಗಳು ಗೆದ್ದ ಕಡೆ ಏನು ಕೇಳಿದ್ದರು?

2018ರ ಫೆಬ್ರವರಿ 14ರಂದು ಅಮೆರಿಕದ ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಮಂದಿ ಗುಂಡಿಗೆ ಬಲಿಯಾದರು. ಕೊಂದವನು 19ರ ಹರೆಯದ ಹಳೆಯ ವಿದ್ಯಾರ್ಥಿ. ಬಂದೂಕನ್ನು ಅಂಗಡಿಯಲ್ಲಿ ಕಾನೂನುಬದ್ಧವಾಗಿಯೇ ಕೊಂಡಿದ್ದ. ಬದುಕುಳಿದ ಸಹಪಾಠಿಗಳು ಶ್ರದ್ಧಾಂಜಲಿ ಸಭೆಗೆ ನಿಲ್ಲಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ ದೇಶದಾದ್ಯಂತ ವಿದ್ಯಾರ್ಥಿಗಳು 17 ನಿಮಿಷ ತರಗತಿಯಿಂದ ಹೊರನಡೆದರು. ಮಾರ್ಚ್ 24ರಂದು ವಾಷಿಂಗ್ಟನ್‌ನಲ್ಲಿ ಲಕ್ಷಾಂತರ ಜನ ಸೇರಿದರು. ಅದೇ ದಿನ 800ಕ್ಕೂ ಹೆಚ್ಚು ಕಡೆ ಮೆರವಣಿಗೆಗಳು ನಡೆದವು.

ಅಷ್ಟರಲ್ಲಾಗಲೇ ಮೊದಲ ಫಲ ಬಂದಿತ್ತು. ಬಂದೂಕು ಪರ ನಿಲುವಿನ ರಿಪಬ್ಲಿಕನ್ ಪಕ್ಷದ ಹಿಡಿತದಲ್ಲಿದ್ದ ಫ್ಲೋರಿಡಾ, ಘಟನೆಯಾದ ಮೂರೂವರೆ ವಾರದಲ್ಲಿ, ಮಾರ್ಚ್ 9ರಂದು ಹೊಸ ಕಾಯ್ದೆ ತಂದಿತು. ಬಂದೂಕು ಖರೀದಿಯ ವಯಸ್ಸು 18ರಿಂದ 21ಕ್ಕೆ ಏರಿತು. ಕೊಂಡವರು ಕೈಗೆ ಪಡೆಯಲು 3 ದಿನ ಕಾಯಬೇಕಾಯಿತು. ಅಪಾಯಕಾರಿ ಎನಿಸಿದವರ ಬಂದೂಕನ್ನು ನ್ಯಾಯಾಲಯದ ಆದೇಶದ ಮೇಲೆ ತಾತ್ಕಾಲಿಕವಾಗಿ ವಶಕ್ಕೆ ಪಡೆಯುವ ಅಧಿಕಾರ ಪೊಲೀಸರಿಗೆ ಬಂತು. ವಿದ್ಯಾರ್ಥಿಗಳು ಕೇಳಿದ್ದೆಲ್ಲ ಸಿಗಲಿಲ್ಲ. ಅವರಲ್ಲಿ ಅನೇಕರು ವಿರೋಧಿಸಿದ್ದ ಶಾಲಾ ಸಿಬ್ಬಂದಿಗೆ ಬಂದೂಕು ಕೊಡುವ ಅಂಶವೂ ಅದೇ ಕಾಯ್ದೆಯಲ್ಲಿ ಸೇರಿತು. ರಾಷ್ಟ್ರಮಟ್ಟದಲ್ಲಿ ಒಂದು ಕಾಯ್ದೆ ಬರಲು 2022ರವರೆಗೆ ಕಾಯಬೇಕಾಯಿತು. ಅದೂ ಟೆಕ್ಸಾಸ್‌ನ ಉವಾಲ್ಡೆ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತ ಮೇಲೆ.

ಸರ್ಬಿಯಾದ ಕಥೆ ಇನ್ನೊಂದು ಬಗೆಯದು. 2023ರ ಮೇ 3ರಂದು ಬೆಲ್‌ಗ್ರೇಡ್‌ನ ಶಾಲೆಯಲ್ಲಿ 13 ವರ್ಷದ ಬಾಲಕ ತಂದೆಯ ಬಂದೂಕು ತಂದು ಸಹಪಾಠಿಗಳ ಮೇಲೆ ಹಾರಿಸಿದ. 9 ಮಕ್ಕಳೂ ಒಬ್ಬ ಕಾವಲುಗಾರರೂ ಸತ್ತರು. ಮರುದಿನವೇ ಇನ್ನೊಂದು ಕಡೆ ಸಾಮೂಹಿಕ ಹತ್ಯೆ ನಡೆಯಿತು. ಸಾವಿರಾರು ಜನ ವಾರವಾರವೂ ಬೀದಿಗಿಳಿದರು. ಅಕ್ರಮ ಬಂದೂಕು ತಂದೊಪ್ಪಿಸಿದರೆ ಕೇಸಿಲ್ಲ ಎಂದು ಸರ್ಕಾರ ಘೋಷಿಸಿತು. ಮೊದಲ ವಾರದಲ್ಲೇ ಬಂದೂಕು, ಗ್ರೆನೇಡ್, ಸ್ಫೋಟಕ ಸೇರಿ 13,500ಕ್ಕೂ ಹೆಚ್ಚು ವಸ್ತುಗಳು ಬಂದು ಬಿದ್ದವು.

ಎರಡೂ ಕಡೆ ಒಂದು ಸಮಾನ ಅಂಶವಿದೆ. ಕೊಂದವನು ಯಾರು ಎಂಬ ಪ್ರಶ್ನೆಗೆ ಜನ ತೃಪ್ತರಾಗಲಿಲ್ಲ. ಬಂದೂಕು ಅವನ ಕೈಗೆ ಬಂದದ್ದು ಹೇಗೆ ಎಂದು ಕೇಳಿದರು. ಕೇಳಿದ್ದನ್ನು ಎಣಿಸಬಹುದಾದ ಬೇಡಿಕೆಯನ್ನಾಗಿ ಮಾಡಿದರು: ಇಷ್ಟು ವಯಸ್ಸು, ಇಷ್ಟು ದಿನ, ಇಷ್ಟು ಬಂದೂಕು.

ಬದ್ಲಾಪುರದ ಬೀದಿಯಲ್ಲಿ ಕೇಳಿದ್ದು ಬೇರೆ

ಥಾಣೆ ಜಿಲ್ಲೆಯ ಜನರಿಗೆ ಬೀದಿಗಿಳಿಯಲು ಬರುವುದಿಲ್ಲ ಎನ್ನುವಂತಿಲ್ಲ. ಬದ್ಲಾಪುರದ ಶಾಲೆಯೊಂದರಲ್ಲಿ ಇಬ್ಬರು ಪುಟ್ಟ ಬಾಲಕಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುದ್ದಿ ಹೊರಬಿದ್ದಾಗ, 2024ರ ಆಗಸ್ಟ್ 20ರಂದು ಸಾವಿರಾರು ಜನ ಬದ್ಲಾಪುರ ನಿಲ್ದಾಣದ ಹಳಿಗಳ ಮೇಲೆ ಕುಳಿತರು. ಸುಮಾರು 10 ಗಂಟೆ ರೈಲು ನಿಂತಿತು. ವಿಶೇಷ ತನಿಖಾ ತಂಡ ರಚನೆಯಾಯಿತು. ಬಾಂಬೆ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಶಾಲಾ ಮಕ್ಕಳ ಸುರಕ್ಷತೆಗೆ ಸಮಿತಿ ರಚಿಸುವಂತೆ ಮಾಡಿತು. ಜನರ ಸಿಟ್ಟಿಗೆ ಇಷ್ಟು ಬಲವಿದೆ.

ಆದರೆ ಆ ದಿನ ಎತ್ತಿದ ಘೋಷಣೆಗಳಲ್ಲಿ ಜೋರಾಗಿ ಕೇಳಿದ್ದು ಆರೋಪಿಗೆ ಗಲ್ಲು ಎಂಬುದು. ಸೆಪ್ಟೆಂಬರ್ 23ರಂದು ಮುಂಬ್ರಾ ಬೈಪಾಸ್ ಬಳಿ ಪೊಲೀಸ್ ವಾಹನದಲ್ಲೇ ಆ ಆರೋಪಿ ಗುಂಡೇಟಿಗೆ ಬಲಿಯಾದ. ಪೊಲೀಸರ ಬಂದೂಕು ಕಸಿದು ಗುಂಡು ಹಾರಿಸಿದ್ದರಿಂದ ಪ್ರತಿಯಾಗಿ ಗುಂಡು ಹಾರಿಸಬೇಕಾಯಿತು ಎಂದು ಪೊಲೀಸರು ಹೇಳಿದರು. ಮುಂಬೈ ಬೀದಿಗಳಲ್ಲಿ ಬಂದೂಕು ಹಿಡಿದ ಫಡ್ನವೀಸ್ ಚಿತ್ರದೊಂದಿಗೆ 'ಬದ್ಲಾ ಪುರಾ' ಎಂಬ ಫಲಕಗಳು ಎದ್ದವು. ಊರಿನ ಹೆಸರನ್ನೇ ಒಡೆದು ಸೇಡು ತೀರಿತು ಎಂದು ಬರೆದ ಫಲಕಗಳವು. 2025ರ ಜನವರಿಯಲ್ಲಿ ಮ್ಯಾಜಿಸ್ಟ್ರೇಟ್ ತನಿಖಾ ವರದಿ ಹೈಕೋರ್ಟ್‌ಗೆ ಬಂದಾಗ, ಆ ಸಾವಿಗೆ ಐವರು ಪೊಲೀಸರೇ ಹೊಣೆ ಎಂಬ ಅಭಿಪ್ರಾಯ ಅದರಲ್ಲಿತ್ತು. ಏಪ್ರಿಲ್‌ನಲ್ಲಿ ಹೈಕೋರ್ಟ್ ತನಿಖೆಗೆ ಆದೇಶಿಸಿತು. ಅಷ್ಟು ಹೊತ್ತಿಗೆ ಬೀದಿ ಖಾಲಿಯಾಗಿತ್ತು.

ಬಂದೂಕಿನ ವಿರುದ್ಧ ಚಳವಳಿ ಹುಟ್ಟದಿರಲು ಮೊದಲ ಕಾರಣ ಇಲ್ಲಿದೆ. ಬಂದೂಕು ತಪ್ಪು ಕೈಯಲ್ಲಿದ್ದರೆ ಅಪರಾಧ, ನಮಗೆ ಬೇಕಾದ ಕೈಯಲ್ಲಿದ್ದರೆ ನ್ಯಾಯ ಎಂಬ ಭಾವನೆ ಗಟ್ಟಿಯಾಗಿರುವ ಕಡೆ ಬಂದೂಕೇ ಪ್ರಶ್ನೆಯಾಗುವುದಿಲ್ಲ.

ಎರಡನೆಯ ಕಾರಣ ಕಾಲೇಜಿನೊಳಗಿದೆ. 1989ರಲ್ಲಿ ಮುಂಬೈ ವಿದ್ಯಾರ್ಥಿ ಚುನಾವಣೆಯ ವೇಳೆ ಎನ್‌ಎಸ್‌ಯುಐನ ಓವೆನ್ ಡಿಸೋಜಾ ಕೊಲೆಯಾಯಿತು. ಕ್ಯಾಂಪಸ್ ಹಿಂಸೆಯ ಕಾರಣ ಕೊಟ್ಟು ಮಹಾರಾಷ್ಟ್ರ 90ರ ದಶಕದಲ್ಲಿ ನೇರ ಚುನಾವಣೆಗಳನ್ನೇ ನಿಲ್ಲಿಸಿತು. 2016ರ ವಿಶ್ವವಿದ್ಯಾಲಯ ಕಾಯ್ದೆ ಮತ್ತೆ ಅವಕಾಶ ಕೊಟ್ಟರೂ ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂತು. ಕರ್ನಾಟಕದಲ್ಲೂ ದಶಕಗಳಿಂದ ಇದೇ ಸ್ಥಿತಿ. ಹಿಂಸೆ ತಡೆಯಲು ವಿದ್ಯಾರ್ಥಿಗಳ ದನಿಯನ್ನು ಅಡಗಿಸಲಾಯಿತು, ಹೊರಗಿನ ಹಿಂಸೆಯನ್ನು ಪ್ರಶ್ನಿಸಲು ಈಗ ಆ ದನಿಯೇ ಇಲ್ಲ. ಉಳಿದಿರುವ ವಿದ್ಯಾರ್ಥಿ ಸಂಘಟನೆಗಳು ಪಕ್ಷಗಳ ಅಂಗಸಂಸ್ಥೆಗಳು. ಗುಂಡು ಹಾರಿಸಿದವರೂ ಏಟು ತಿಂದವರೂ ಪಕ್ಷದವರೇ ಆಗಿದ್ದಾಗ ಅವು ಬಾಯಿ ಬಿಡುವುದು ಕಷ್ಟ.

ಮೂರನೆಯದು ಆಡಳಿತದ ರೂಢಿ. ಹಬ್ಬ, ಚುನಾವಣೆ, ಗದ್ದಲದ ದಿನಗಳಲ್ಲಿ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಂ ಅಡಿ ನಿಷೇಧಾಜ್ಞೆ ಹೊರಡುತ್ತದೆ. ಶಸ್ತ್ರ ಹಿಡಿದು ಓಡಾಡುವುದಕ್ಕೂ, ಐದು ಅಥವಾ ಅದಕ್ಕಿಂತ ಹೆಚ್ಚು ಜನ ಅನುಮತಿ ಇಲ್ಲದೆ ಸೇರುವುದಕ್ಕೂ ಒಂದೇ ಕಾಗದದಲ್ಲಿ ತಡೆ. ಬಂದೂಕು ಹಿಡಿದವನನ್ನೂ ಬಂದೂಕು ಬೇಡ ಎನ್ನುವ ಫಲಕ ಹಿಡಿದವನನ್ನೂ ಒಂದೇ ಆದೇಶ ತಡೆಯುತ್ತದೆ.

ನಾಲ್ಕನೆಯದು, ನಮ್ಮ ಶಾಲೆಗಳಲ್ಲಿ ಹಾಗೆಲ್ಲ ಆಗುವುದಿಲ್ಲ ಎಂಬ ನಂಬಿಕೆ. ಅದು ಈಗ ನಿಲ್ಲುವ ಮಾತಲ್ಲ. 2007ರ ಡಿಸೆಂಬರ್‌ನಲ್ಲೇ ಗುರುಗ್ರಾಮದ ಶಾಲೆಯಲ್ಲಿ ವಿದ್ಯಾರ್ಥಿಗಳಿಬ್ಬರು ಮನೆಯ ಪರವಾನಗಿ ಬಂದೂಕು ತಂದು ಸಹಪಾಠಿಯನ್ನು ಕೊಂದಿದ್ದರು. 2024ರ ಜುಲೈನಲ್ಲಿ ಬಿಹಾರದ ಸುಪೌಲ್‌ನಲ್ಲಿ ನರ್ಸರಿ ಮಗು ಚೀಲದಲ್ಲಿ ತಂದ ಬಂದೂಕಿನಿಂದ 10 ವರ್ಷದ ಬಾಲಕನಿಗೆ ಗಾಯವಾಯಿತು. ಅದೇ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶದ ಛತರ್‌ಪುರದಲ್ಲಿ 12ನೇ ತರಗತಿ ವಿದ್ಯಾರ್ಥಿ ಪ್ರಾಂಶುಪಾಲರನ್ನು ಗುಂಡಿಕ್ಕಿ ಕೊಂದ. 2025ರ ಆಗಸ್ಟ್‌ನಲ್ಲಿ ಉತ್ತರಾಖಂಡದ ಕಾಶಿಪುರದಲ್ಲಿ ವಿದ್ಯಾರ್ಥಿ ಊಟದ ಡಬ್ಬಿಯಲ್ಲಿ ನಾಡ ಪಿಸ್ತೂಲು ತಂದು ಶಿಕ್ಷಕರ ಮೇಲೆ ಹಾರಿಸಿದ. ಒಂದೊಂದೂ ಎರಡು ದಿನದ ಸುದ್ದಿಯಾಗಿ ಮುಗಿಯಿತು.

ಕನ್ನಡಿಗರಿಗೂ ಥಾಣೆಯ ಹಿನ್ನೀರಿಗೂ ನಂಟು

ಕನ್ನಡ ಓದುಗರಿಗೆ ಈ ಪ್ರಶ್ನೆ ದೂರದ್ದಲ್ಲ. ಕರಾವಳಿಯಿಂದ ಹೋಗಿ ಥಾಣೆ, ಡೊಂಬಿವಲಿ, ನವಿ ಮುಂಬೈಗಳಲ್ಲಿ ಹೋಟೆಲ್ ಕಟ್ಟಿದ, ಸಂಘ-ಶಾಲೆ ನಡೆಸುವ ಸಾವಿರಾರು ಕುಟುಂಬಗಳಿವೆ. ಹಫ್ತಾ ವಸೂಲಿಯ ಕರೆ, ಕೊಡದಿದ್ದರೆ ಗುಂಡು ಎಂಬ ಬೆದರಿಕೆ ಮುಂಬೈ ಸೀಮೆಯ ಉದ್ಯಮಿಗಳಿಗೆ ಗೊತ್ತಿಲ್ಲದ್ದಲ್ಲ. ಮಲ್ಪೆ ಮೂಲದ ರವಿ ಪೂಜಾರಿಯನ್ನು ಸೆನೆಗಲ್‌ನಿಂದ 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ತಂದಾಗ ಅಂಥ ಪ್ರಕರಣಗಳ ಪಟ್ಟಿ ಎರಡೂ ರಾಜ್ಯಗಳ ಪೊಲೀಸರ ಬಳಿ ಇತ್ತು.

ಇನ್ನೂ ಆಳವಾದ ನಂಟೊಂದಿದೆ. 2013ರಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ, ಅದೇ ವರ್ಷ ಧಾರವಾಡದ ಕಲ್ಯಾಣನಗರದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾಯಿತು. ಕಲಬುರ್ಗಿ ಮತ್ತು ಗೌರಿ ಅವರನ್ನು ಕೊಂದದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ಕರ್ನಾಟಕದ ವಿಶೇಷ ತನಿಖಾ ತಂಡ ಹೇಳಿತು. ಎರಡು ವರ್ಷಗಳ ಅಂತರದಲ್ಲಿ ಒಂದೇ ಅಸ್ತ್ರ. ದಾಭೋಲ್ಕರ್ ಪ್ರಕರಣದ ಪಿಸ್ತೂಲನ್ನು ಥಾಣೆ ಬಳಿಯ ಖಾರೇಗಾಂವ್ ಹಿನ್ನೀರಿಗೆ ಎಸೆಯಲಾಗಿದೆ ಎಂಬ ಸುಳಿವಿನ ಮೇಲೆ ಸಿಬಿಐ ವಿದೇಶಿ ಮುಳುಗುಗಾರರನ್ನು ಕರೆಸಿ ಹುಡುಕಿಸಿತು. ಪಿಸ್ತೂಲೊಂದು ಸಿಕ್ಕಿದೆ ಎಂದು 2020ರ ಮಾರ್ಚ್‌ನಲ್ಲಿ ವರದಿಯಾಯಿತು. 2024ರ ಮೇ 10ರಂದು ಪುಣೆ ನ್ಯಾಯಾಲಯ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿ ಮೂವರನ್ನು ಖುಲಾಸೆ ಮಾಡಿತು. ಶಿಕ್ಷೆಗೆ ಮುಖ್ಯ ಆಧಾರವಾದದ್ದು ಪ್ರತ್ಯಕ್ಷದರ್ಶಿಗಳ ಸಾಕ್ಷ್ಯ.

ಗೌರಿ ಹತ್ಯೆಯ ಬಳಿಕ ಬೆಂಗಳೂರಿನಲ್ಲಿ 'ನಾನೂ ಗೌರಿ' ಎಂದು ಸೇರಿದವರಲ್ಲಿ ವಿದ್ಯಾರ್ಥಿಗಳ ಸಂಖ್ಯೆ ದೊಡ್ಡದಿತ್ತು. ಕೊಂದವರಾರು, ಕೊಲ್ಲಿಸಿದವರಾರು ಎಂದು ಅವರು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಎರಡು ರಾಜ್ಯಗಳ ಗಡಿಯನ್ನು ಆ ನಾಡ ಪಿಸ್ತೂಲುಗಳು ಅಷ್ಟು ಸಲೀಸಾಗಿ ದಾಟಿದ್ದು ಹೇಗೆ ಎಂಬ ಎರಡನೆಯ ಪ್ರಶ್ನೆಗೆ ಮಾತ್ರ ಚಳವಳಿ ಕಟ್ಟಲಾಗಲಿಲ್ಲ.

ಕೇಳಬೇಕಾದದ್ದು ನಾಲ್ಕೇ

ಪಾರ್ಕ್‌ಲ್ಯಾಂಡ್‌ನ ಪಾಠವನ್ನು ಥಾಣೆಗೆ ತರಬೇಕಾದರೆ ಬೇಡಿಕೆ ಇಲ್ಲಿನ ಮಣ್ಣಿಗೆ ಹೊಂದಬೇಕು. ಅದಕ್ಕೆ ಸಂಸತ್ತಿನ ತಿದ್ದುಪಡಿಯೂ ಬೇಕಿಲ್ಲ.

ಒಂದು, ಥಾಣೆ ಮತ್ತು ನವಿ ಮುಂಬೈ ಆಯುಕ್ತರ ಕಚೇರಿಗಳು ತಮ್ಮ ವ್ಯಾಪ್ತಿಯಲ್ಲಿ ಎಷ್ಟು ಪರವಾನಗಿಗಳಿವೆ, ವರ್ಷಕ್ಕೆ ಎಷ್ಟು ಅರ್ಜಿ ಬಂದವು, ಎಷ್ಟು ಮಂಜೂರಾದವು, ಎಷ್ಟು ರದ್ದಾದವು ಎಂಬ ಲೆಕ್ಕವನ್ನು ಠಾಣಾವಾರು ಪ್ರಕಟಿಸಬೇಕು. ವ್ಯಕ್ತಿಗಳ ಹೆಸರು ಬೇಕಾಗಿಲ್ಲ, ಸಂಖ್ಯೆ ಸಾಕು. ಮಾಹಿತಿ ಹಕ್ಕಿನಡಿ ಕಾಲೇಜು ವಿದ್ಯಾರ್ಥಿಯೂ ಇದನ್ನು 10 ರೂಪಾಯಿ ಶುಲ್ಕದಲ್ಲಿ ಕೇಳಬಹುದು.

ಎರಡು, ಕ್ರಿಮಿನಲ್ ಪ್ರಕರಣ ಎದುರಿಸುತ್ತಿರುವ ಜನಪ್ರತಿನಿಧಿಗಳು ಮತ್ತು ಪದಾಧಿಕಾರಿಗಳ ಪರವಾನಗಿಗಳನ್ನು ಅವಧಿ ಮುಗಿಯುವವರೆಗೆ ಕಾಯದೆ ಪರಿಶೀಲಿಸಬೇಕು. ಚುನಾವಣೆ ಬಂದಾಗ ಪರವಾನಗಿ ಬಂದೂಕುಗಳನ್ನು ಪರಿಶೀಲಿಸಿ ಠಾಣೆಯಲ್ಲಿ ಇಡಿಸಿಕೊಳ್ಳುವ ಪದ್ಧತಿ ಈಗಲೂ ಇದೆ. ಮತದಾನದ ತಿಂಗಳಲ್ಲಿ ಸಾಧ್ಯವಾಗುವುದು ಉಳಿದ ತಿಂಗಳುಗಳಲ್ಲಿ ಅಸಾಧ್ಯವೇನಲ್ಲ.

ಮೂರು, ಪೊಲೀಸರು ನಿರಾಕರಿಸಿದ ಪರವಾನಗಿಯನ್ನು ಮೇಲ್ಮನವಿಯಲ್ಲಿ ಕೊಟ್ಟರೆ ಕಾರಣ ಬಹಿರಂಗವಾಗಬೇಕು.

ನಾಲ್ಕು, ವಶಪಡಿಸಿಕೊಂಡ ಪ್ರತಿ ಅಕ್ರಮ ಬಂದೂಕಿನ ಮೂಲ ಪತ್ತೆಯಾಯಿತೇ ಇಲ್ಲವೇ ಎಂಬುದು ವಾರ್ಷಿಕ ಅಪರಾಧ ವರದಿಯಲ್ಲಿ ಬರಬೇಕು. ಸುಪ್ರೀಂ ಕೋರ್ಟ್ ಸೂಚಿಸಿದ ರಾಜ್ಯ ಸಮಿತಿಯ ಕ್ರಿಯಾ ಯೋಜನೆಯೂ ಜನರ ಕೈಗೆ ಸಿಗಬೇಕು.

ಇಷ್ಟರಿಂದ ಗ್ಯಾಂಗ್‌ಗಳು ನಾಳೆಯೇ ಬಂದೂಕು ಕೆಳಗಿಡುತ್ತವೆ ಎಂದೇನಿಲ್ಲ. ಫ್ಲೋರಿಡಾದಲ್ಲಿ ಕಾಯ್ದೆ ಬಂದ ಮೇಲೂ ಅಮೆರಿಕದಲ್ಲಿ ಗುಂಡಿನ ಸದ್ದು ನಿಂತಿಲ್ಲ. ಆದರೆ ಬೀಡ್‌ನಲ್ಲಿ ಲೆಕ್ಕ ಬಯಲಾದ ಮಾತ್ರಕ್ಕೇ ನೂರಕ್ಕೂ ಹೆಚ್ಚು ಬಂದೂಕುಗಳ ಪರವಾನಗಿ ಹೋಯಿತು. ಅಲ್ಲಿ ಲೆಕ್ಕ ಕೇಳಲು ಕೊಲೆಯೊಂದು ನಡೆಯಬೇಕಾಯಿತು. ಥಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬೈಗಳಲ್ಲಿ ಅಂಥ ಕಾರಣಗಳು 2024ರಲ್ಲೇ ಸಾಕಷ್ಟು ಸಿಕ್ಕಿವೆ. ಹಿಲ್ ಲೈನ್ ಠಾಣೆಯ ಪ್ರಕರಣದ ತೀರ್ಪನ್ನು ನ್ಯಾಯಾಲಯ ಕೊಡುತ್ತದೆ. ಆ ಬಂದೂಕಿಗೆ ಪರವಾನಗಿ ಕೊಟ್ಟ ಕಡತದಲ್ಲಿ ಏನಿತ್ತು ಎಂಬುದನ್ನು ಮಾತ್ರ ಯಾರಾದರೂ ಕೇಳಬೇಕು, ಕೇಳಿದರಷ್ಟೇ ಅದು ಹೊರಬರುತ್ತದೆ.